ಕಾರ್ ಇನ್ಶೂರೆನ್ಸ್ ಕೋಟ್ ಹೋಲಿಸುವುದು ಹೇಗೆ: ಪ್ರೀಮಿಯಂ ಎಷ್ಟು, ಕ್ಲೇಮ್ ದಿನ ಜೇಬಿನಿಂದ ಎಷ್ಟು

ರಿನ್ಯೂವಲ್ ತಿಂಗಳು ಬಂತು ಅಂದ್ರೆ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಯಾರಾದರೊಬ್ಬರು ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಮೂರು ಕಂಪನಿ, ಮೂರು ಮೊತ್ತ, ಕೆಳಗೆ ಒಂದೇ ಪ್ರಶ್ನೆ: "ಕಮ್ಮಿ ಇರೋದನ್ನೇ ತಗೊಳ್ಲಾ?"

ಆ ಮೂರು ಮೊತ್ತ ನೋಡಿ ಉತ್ತರ ಹೇಳಲು ಬರುವುದಿಲ್ಲ. ಒಂದರಲ್ಲಿ ಕಾರಿನ ಬೆಲೆಯನ್ನೇ ಎಂಬತ್ತು ಸಾವಿರ ಕಡಿಮೆ ಹಿಡಿದಿರುತ್ತಾರೆ. ಇನ್ನೊಂದರಲ್ಲಿ ಐದು ಸಾವಿರದ ವಾಲಂಟರಿ ಡಿಡಕ್ಟಿಬಲ್, ಅಂದರೆ ಕ್ಲೇಮ್‌ನಲ್ಲಿ ನೀವಾಗಿಯೇ ಕೈಯಿಂದ ಕೊಡಲು ಒಪ್ಪುವ ಮೊತ್ತ, ಸೇರಿರುತ್ತದೆ. ಮೂರನೆಯದರಲ್ಲಿ ಝೀರೋ ಡೆಪ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದಂತೆ ಮಾಡುವ ರಕ್ಷಣೆ) ಇರುವುದೇ ಇಲ್ಲ. ಮೂರೂ ಬೇರೆ ಬೇರೆ ಸಾಮಾನು, ಬೆಲೆ ಮಾತ್ರ ಪಕ್ಕಪಕ್ಕ ಇಟ್ಟಿದ್ದಾರೆ.

ನಾನೂ ಹೀಗೇ ಮಾಡಿದ್ದೆ. ಒಂದು ಸಲ ರಿನ್ಯೂವಲ್‌ನಲ್ಲಿ ಸುಮಾರು 1,150 ರೂಪಾಯಿ ಉಳಿಯಿತು ಅಂತ ಖುಷಿಪಟ್ಟು ಪಾಲಿಸಿ ತಗೊಂಡೆ. ಆರು ತಿಂಗಳಿಗೆ ಕಾರಿನ ಮುಂಭಾಗ ಜಜ್ಜಿಹೋಯಿತು. ಗ್ಯಾರೇಜಿನಲ್ಲಿ ಒಟ್ಟು ಬಿಲ್ 30,000. ಸರ್ವಿಸ್ ಅಡ್ವೈಸರ್ ಹಾಳೆ ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ನನ್ನ ಮುಂದಿಟ್ಟ. ಕಸ್ಟಮರ್ ಶೇರ್ 13,500. "ಫುಲ್ ಇನ್ಶೂರೆನ್ಸ್ ಇದೆಯಲ್ಲಾ" ಅಂದೆ. ಹಾಳೆಯ ಒಂದೊಂದೇ ಸಾಲಿನ ಮೇಲೆ ಪೆನ್ ಇಟ್ಟು ತೋರಿಸಿದ. ಎಲ್ಲವೂ ಪಾಲಿಸಿಯಲ್ಲಿ ಬರೆದಿದ್ದೇ. ನಾನೇ ಓದಿರಲಿಲ್ಲ.

ಆ ಹಾಳೆಯನ್ನೇ ಇಟ್ಟುಕೊಂಡು ಕೆಳಗಿನ ಹಂತಗಳನ್ನು ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಬಹಳ ಜನ ಐದನೇ ಹಂತದಿಂದ ಶುರು ಮಾಡುತ್ತಾರೆ, ಅಲ್ಲೇ ಲೆಕ್ಕ ಕೆಡುವುದು.

## ಹಂತ 1: ಹಳೆ ಪಾಲಿಸಿ ಮತ್ತು ಆರ್‌ಸಿ ಮುಂದಿಟ್ಟುಕೊಳ್ಳಿ

ಬೇಕಾಗಿರುವುದು ಹಳೆ ಪಾಲಿಸಿಯ ಪಿಡಿಎಫ್, ಆರ್‌ಸಿ, ಒಂದು ಹಾಳೆ, ಮೊಬೈಲ್ ಕ್ಯಾಲ್ಕುಲೇಟರ್. ಪಾಲಿಸಿ ಮುಗಿಯುವ ಒಂದು ತಿಂಗಳ ಮೊದಲೇ ಕೂತುಕೊಳ್ಳಿ. ಕೊನೇ ದಿನ ಏಜೆಂಟ್ ಫೋನ್ ಮಾಡಿ "ಇವತ್ತೇ ಕಟ್ಟಿ" ಅಂದಾಗ ಹೋಲಿಸಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಹಳೆ ಪಾಲಿಸಿಯಿಂದ ಇಷ್ಟು ಬರೆದುಕೊಳ್ಳಿ: ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಕಾರಿನ ಹಾನಿಗೆ ಕಟ್ಟುವುದು, ಇದನ್ನು ಓಡಿ ಅಂತ ಬರೆದಿರುತ್ತಾರೆ), ಥರ್ಡ್ ಪಾರ್ಟಿ ಪ್ರೀಮಿಯಂ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವುದು), ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಿಡಿದ ಬೆಲೆ), ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಶೇಕಡಾ ಎಷ್ಟು, ಕಂಪಲ್ಸರಿ ಡಿಡಕ್ಟಿಬಲ್, ವಾಲಂಟರಿ ಡಿಡಕ್ಟಿಬಲ್, ಆ್ಯಡ್-ಆನ್‌ಗಳ (ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳ) ಹೆಸರು. ಆರ್‌ಸಿಯಿಂದ ನೋಂದಣಿ ದಿನಾಂಕ, ಎಂಜಿನ್ ಸಿಸಿ, ಆರ್‌ಟಿಒ.

ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಧಾರವಾಡ, ಬೆಳಗಾವಿಯಿಂದ ಬಂದವರ ಕಾರಿಗೆ ಕೆಎ 25, ಕೆಎ 22 ನಂಬರ್ ಇರುತ್ತದೆ. ಹಳೆ ಮೋಟಾರ್ ಟ್ಯಾರಿಫ್‌ನ (ವಾಹನ ವಿಮೆಯ ದರಪಟ್ಟಿಯ) ಪ್ರಕಾರ ಪುಣೆ, ಮುಂಬೈ, ಬೆಂಗಳೂರು ಸೇರಿ ಎಂಟು ನಗರ ಝೋನ್ ಎ, ಉಳಿದ ಊರುಗಳು ಝೋನ್ ಬಿ. ಓಡಿ ದರಕ್ಕೆ ನೋಂದಣಿ ಎಲ್ಲಿಯದು ಅನ್ನುವುದು ಮುಖ್ಯ. ಕೋಟ್ ತೆಗೆಯುವಾಗ ವಿಳಾಸ ಪುಣೆ ಅಂತ ಹಾಕಿ ಆರ್‌ಟಿಒ ಕೂಡ ಪುಣೆ ಅಂತ ಒತ್ತಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಆರ್‌ಸಿಯಲ್ಲಿ ಇರುವುದನ್ನೇ ಹಾಕಿ. ಹಾಗೆಯೇ, ಬೇರೆ ರಾಜ್ಯದಲ್ಲಿ ಕಾರು 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿನ ನಂಬರ್ ತಗೊಳ್ಳಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಎಂಎಚ್ 12 ಅಥವಾ ಎಂಎಚ್ 14 ಆದ ಮೇಲೆ ಪಾಲಿಸಿಯಲ್ಲೂ ನಂಬರ್ ಬದಲಿಸಿ ಎಂಡಾರ್ಸ್‌ಮೆಂಟ್ (ತಿದ್ದುಪಡಿಯ ಪತ್ರ) ತಗೊಳ್ಳಿ. ಆರ್‌ಸಿಯಲ್ಲಿ ಒಂದು ನಂಬರ್, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಕ್ಲೇಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಇರಬೇಕು, ಪಾಲಿಸಿಯಲ್ಲೂ ಇರಬೇಕು.

## ಹಂತ 2: ಥರ್ಡ್ ಪಾರ್ಟಿ ಮೊತ್ತವನ್ನು ಲೆಕ್ಕದಿಂದ ಹೊರಗಿಡಿ

ಥರ್ಡ್ ಪಾರ್ಟಿ ದರ ಸರಕಾರ ನಿಗದಿ ಮಾಡುವುದು. ಎಲ್ಲ ಕಂಪನಿಯಲ್ಲೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ಮೇಲೆ 7,897. ಇದರ ಮೇಲೆ ಶೇ. 18 ಜಿಎಸ್‌ಟಿ. "ನಮ್ಮಲ್ಲಿ ಥರ್ಡ್ ಪಾರ್ಟಿನೂ ಕಮ್ಮಿ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ನಕಲಿ ಪಾಲಿಸಿಯ ಮೊದಲ ಗುರುತು.

ಕಾರು ಹೊಸದಾದರೆ ಮೂರು ವರ್ಷದ ಥರ್ಡ್ ಪಾರ್ಟಿ ಶೋರೂಮಿನಲ್ಲೇ ಕಟ್ಟಿರುತ್ತೀರಿ. ಎರಡನೇ, ಮೂರನೇ ವರ್ಷ ಓಡಿ ಮಾತ್ರ ಸಾಕು, ಅದನ್ನು ಬೇರೆ ಕಂಪನಿಯಿಂದಲೂ ತಗೊಳ್ಳಬಹುದು. ಇದು ಗೊತ್ತಿಲ್ಲದೆ ಎರಡನೇ ವರ್ಷ ಮತ್ತೆ ಥರ್ಡ್ ಪಾರ್ಟಿ ಕಟ್ಟಿದವರನ್ನು ನಾನು ನೋಡಿದ್ದೇನೆ.

## ಹಂತ 3: ಎಲ್ಲ ಕೋಟ್‌ನಲ್ಲೂ ಐಡಿವಿ ಒಂದೇ ಮಾಡಿ

ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರನ್ನು ಟೋಟಲ್ ಲಾಸ್ ಅಂತ ಹಿಡಿಯುತ್ತಾರೆ. ಮೂರರಿಂದ ನಾಲ್ಕು ವರ್ಷದ ಕಾರಿಗೆ ಹೊಸ ಬೆಲೆಯಲ್ಲಿ ಶೇ. 40 ಕಳೆದು ಐಡಿವಿ ಹಿಡಿಯುವುದು ರೂಢಿ, ನಾಲ್ಕರಿಂದ ಐದಕ್ಕೆ ಶೇ. 50.

ಇದನ್ನು ಇಳಿಸಿದರೆ ಪ್ರೀಮಿಯಂ ತಾನಾಗಿಯೇ ಇಳಿಯುತ್ತದೆ. ಅಗ್ಗದ ಕೋಟ್‌ನ ಹಿಂದೆ ಬಹಳ ಸಲ ಇರುವುದು ಇಷ್ಟೇ. ಆನ್‌ಲೈನ್ ಕೋಟ್‌ನಲ್ಲಿ ಐಡಿವಿ ಬದಲಿಸುವ ಜಾಗ ಇರುತ್ತದೆ. ನಿಮ್ಮ ಕಾರಿನ ಈಗಿನ ಮಾರಾಟ ಬೆಲೆಗೆ ಹತ್ತಿರವಾದ ಒಂದು ಮೊತ್ತ ನಿರ್ಧರಿಸಿ, ಎಲ್ಲ ಕಂಪನಿಯಲ್ಲೂ ಅದನ್ನೇ ಹಾಕಿ. ಏಜೆಂಟ್ ಮೂಲಕ ತರಿಸುವುದಾದರೆ "ಐಡಿವಿ ಐದು ಲಕ್ಷ ಇಟ್ಟು ಕೋಟ್ ಕೊಡಿ" ಅಂತ ಬಾಯಿಬಿಟ್ಟು ಹೇಳಿ.

## ಹಂತ 4: ಆ್ಯಡ್-ಆನ್ ಯಾವುದು ಬೇಕು ಅಂತ ನೀವೇ ಮೊದಲು ನಿರ್ಧರಿಸಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಕ್ಲೇಮ್ ದಿನ ಜೇಬಿಗೆ ಬೀಳುವ ಪೆಟ್ಟಿನಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಹೊಸ ಬಿಡಿಭಾಗ ಹಾಕಿದಾಗ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಶೇ. 50. ಫೈಬರ್‌ಗೆ ಶೇ. 30. ಗಾಜಿಗೆ ಏನೂ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ಮೂರರಿಂದ ನಾಲ್ಕು ವರ್ಷಕ್ಕೆ ಶೇ. 25, ನಾಲ್ಕರಿಂದ ಐದಕ್ಕೆ ಶೇ. 35, ಅಲ್ಲಿಂದ ಹತ್ತರವರೆಗೆ ಶೇ. 40. ಪೇಂಟಿಂಗ್ ಬಿಲ್‌ನಲ್ಲಿ ಕಾಲುಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ.

ಈಗ ನನ್ನ 30,000ದ ಬಿಲ್ ನೋಡಿ. ಕಾರಿಗೆ ಆಗ ಮೂರು ವರ್ಷ ದಾಟಿತ್ತು. ಮುಂದಿನ ಬಂಪರ್ 8,000, ಅದರಲ್ಲಿ ಅರ್ಧ ನನ್ನದು, 4,000. ಬಾನೆಟ್ 10,000, ಅದರಲ್ಲಿ 2,500 ನನ್ನದು. ಪೇಂಟಿಂಗ್ 8,000, ಅದರಲ್ಲಿ 1,000. ಡೆಂಟಿಂಗ್ ಮತ್ತು ಫಿಟ್ಟಿಂಗ್ ಕೂಲಿ 4,000, ಅದಕ್ಕೆ ಕಡಿತ ಇಲ್ಲ. ಸವಕಳಿಯೇ 7,500 ಆಯಿತು. ಇದರ ಮೇಲೆ ಕಂಪಲ್ಸರಿ ಡಿಡಕ್ಟಿಬಲ್ 1,000. ಅದರ ಮೇಲೆ ನಾನೇ ಒಪ್ಪಿಕೊಂಡಿದ್ದ ವಾಲಂಟರಿ 5,000. ಒಟ್ಟು 13,500.

ಝೀರೋ ಡೆಪ್ ಇದ್ದಿದ್ದರೆ ಆ 7,500 ಇರುತ್ತಿರಲಿಲ್ಲ. ಆದರೆ ಗಮನಿಸಿ, ಉಳಿದ 6,000 ಇದ್ದೇ ಇರುತ್ತಿತ್ತು. ಝೀರೋ ಡೆಪ್‌ಗೇ ಬಂಪರ್ ಟು ಬಂಪರ್ ಅಂತಲೂ ಅನ್ನುತ್ತಾರೆ. "ಬಂಪರ್ ಟು ಬಂಪರ್ ತಗೊಂಡಿದ್ದೀನಿ, ಒಂದು ಪೈಸೆ ಕೊಡೋದಿಲ್ಲ" ಅನ್ನುವುದು ತಪ್ಪು. ಝೀರೋ ಡೆಪ್ ಸವಕಳಿಯನ್ನು ಮಾತ್ರ ತೆಗೆಯುತ್ತದೆ, ಡಿಡಕ್ಟಿಬಲ್ ತೆಗೆಯುವುದಿಲ್ಲ. ಎಷ್ಟು ಕ್ಲೇಮ್‌ವರೆಗೆ ಸಿಗುತ್ತದೆ ಅನ್ನುವುದನ್ನೂ ಓದಿ, ವರ್ಷಕ್ಕೆ ಎರಡು ಅಂತ ಮಿತಿ ಹಾಕುವ ಕಂಪನಿಗಳಿವೆ.

ಎಂಜಿನ್ ಪ್ರೊಟೆಕ್ಟ್ ಪುಣೆಯಲ್ಲಿ ಇರುವವರು ಸುಮ್ನೆ ಬಿಡಬೇಡಿ, ಅದರಲ್ಲೂ ಮುಠಾ ನದಿ ಹತ್ತಿರ ಇದ್ದರೆ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೇ ನೀರು ನುಗ್ಗಿತ್ತು. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಎಂಜಿನ್ ಒಳಗೆ ನೀರು ಎಳೆದು ಲಾಕ್ ಆಗುತ್ತದೆ. ಆ ಎಂಜಿನ್ ಖರ್ಚನ್ನು ಮಾಮೂಲಿ ಪಾಲಿಸಿಯಲ್ಲಿ ಕೊಡುವುದಿಲ್ಲ ಅನ್ನುತ್ತಾರೆ, ಅದು ಅಪಘಾತದಿಂದ ಆದದ್ದಲ್ಲ, ನೀವು ಕೀ ತಿರುಗಿಸಿದ್ದರಿಂದ ಆದದ್ದು ಅಂತ. ಆ್ಯಡ್-ಆನ್ ಇರಲಿ ಬಿಡಲಿ, ನೀರಲ್ಲಿ ನಿಂತ ಕಾರಿನ ಕೀ ಮುಟ್ಟಬೇಡಿ. ಫೋಟೋ ತೆಗೆದು, ಟೋಯಿಂಗ್ ಕರೆಸಿ.

ಊರಿಗೆ ಕಾರಿನಲ್ಲಿ ಹೋಗಿ ಬರುವವರಿಗೆ ರೋಡ್ ಸೈಡ್ ಅಸಿಸ್ಟೆನ್ಸ್ ಉಪಯೋಗಕ್ಕೆ ಬರುತ್ತದೆ, ಖಂಬಾಟ್ಕಿ ಘಾಟಿಯಲ್ಲಿ ರಾತ್ರಿ ಗಾಡಿ ನಿಂತರೆ ಅದರ ಬೆಲೆ ಗೊತ್ತಾಗುತ್ತದೆ. ಎಷ್ಟು ಕಿಲೋಮೀಟರ್‌ವರೆಗೆ ಎಳೆಯುತ್ತಾರೆ ಅಂತ ಕೇಳಿ. ಕಾರು ಹೊಸದಿದ್ದರೆ ರಿಟರ್ನ್ ಟು ಇನ್‌ವಾಯ್ಸ್ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕೊಂಡ ಬಿಲ್‌ನ ಬೆಲೆ ಸಿಗುವಂಥದ್ದು) ನೋಡಬಹುದು. ಕೀ ಕಳೆದರೆ, ಬ್ಯಾಗ್ ಕಳೆದರೆ ಅನ್ನುವಂಥವು ನನ್ನ ಮಟ್ಟಿಗೆ ಬೇಡ.

ಪಟ್ಟಿ ಒಂದು ಸಲ ಗಟ್ಟಿಯಾದ ಮೇಲೆ ಎಲ್ಲ ಕೋಟ್‌ನಲ್ಲೂ ಅವೇ ಇರಲಿ.

## ಹಂತ 5: ಈಗ ಡಿಡಕ್ಟಿಬಲ್ ತೂಗಿ ನೋಡಿ

ಡಿಡಕ್ಟಿಬಲ್ ಅಂದರೆ ಪ್ರತಿ ಕ್ಲೇಮ್‌ನಲ್ಲೂ ಮೊದಲು ನೀವು ಕೊಡುವ ಮೊತ್ತ. ಕೆಲವು ಪಾಲಿಸಿಯಲ್ಲಿ ಎಕ್ಸೆಸ್ ಅಂತ ಬರೆದಿರುತ್ತಾರೆ. ಗ್ಯಾರೇಜಿನವರ ಬಾಯಲ್ಲಿ ಇದು ಫೈಲ್ ಚಾರ್ಜ್. "ಫೈಲ್ ಚಾರ್ಜ್ ವೇಗಳಾ ಆಹೆ" ಅಂದರೆ ಇದು ಬೇರೆಯಾಗಿ ಕೊಡಬೇಕು ಅಂತ. ಅದೇನೋ ಗ್ಯಾರೇಜಿನ ಕಮಿಷನ್ ಅಂತ ಜಗಳ ಆಡಬೇಡಿ.

ಕಂಪಲ್ಸರಿ ಅನ್ನುವುದು 1500 ಸಿಸಿವರೆಗಿನ ಕಾರಿಗೆ 1,000, ಮೇಲಿನದಕ್ಕೆ 2,000. ಇದನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ವಾಲಂಟರಿ ಅನ್ನುವುದು ಅದರ ಮೇಲೆ ನೀವಾಗಿಯೇ ಒಪ್ಪುವ ಮೊತ್ತ. ಒಪ್ಪಿದರೆ ಓಡಿಯಲ್ಲಿ ರಿಯಾಯಿತಿ ಕೊಡುತ್ತಾರೆ. ಹಳೆ ಟ್ಯಾರಿಫ್‌ನಲ್ಲಿ 2,500ಕ್ಕೆ ಶೇ. 20, 5,000ಕ್ಕೆ ಶೇ. 25, 7,500ಕ್ಕೆ ಶೇ. 30, 15,000ಕ್ಕೆ ಶೇ. 35 ರಿಯಾಯಿತಿ.

ಶೇಕಡಾ ಲೆಕ್ಕ ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದಕ್ಕೆ ಗರಿಷ್ಠ ಮಿತಿ ಇದೆ: ಕ್ರಮವಾಗಿ 750, 1,500, 2,000 ಮತ್ತು 2,500 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಈಗ ಕೆಲವು ಕಂಪನಿ ಬೇರೆ ದರ ಕೊಡಬಹುದು, ಅದಕ್ಕೇ ಕೋಟ್ ತೆಗೆದೇ ನೋಡಬೇಕು.

ಮಾಡಬೇಕಾದ್ದು ಸುಲಭ. ಒಂದೇ ಕಂಪನಿಯಲ್ಲಿ ಎರಡು ಕೋಟ್ ತೆಗೆಯಿರಿ. ಒಂದರಲ್ಲಿ ವಾಲಂಟರಿ ಸೊನ್ನೆ, ಇನ್ನೊಂದರಲ್ಲಿ 5,000. ಬೇರೆ ಏನನ್ನೂ ಮುಟ್ಟಬೇಡಿ. ಜಿಎಸ್‌ಟಿ ಸೇರಿದ ಕೊನೆಯ ಮೊತ್ತಗಳ ವ್ಯತ್ಯಾಸ ನೋಡಿ.

ಒಂದು ಉದಾಹರಣೆ. 1200 ಸಿಸಿ ಕಾರು, ಓಡಿ 8,000, ಎನ್‌ಸಿಬಿ ಶೇ. 35 ಅಂತ ಇಟ್ಟುಕೊಳ್ಳಿ. ವಾಲಂಟರಿ ಇಲ್ಲದೆ: 8,000ದಲ್ಲಿ ಶೇ. 35 ಹೋಗಿ 5,200, ಥರ್ಡ್ ಪಾರ್ಟಿ 3,416 ಸೇರಿ 8,616, ಜಿಎಸ್‌ಟಿ ಸೇರಿ 10,167. ವಾಲಂಟರಿ 5,000 ಹಾಕಿದರೆ: 8,000ದ ಕಾಲುಭಾಗ 2,000 ಆದರೂ ಸಿಗುವುದು 1,500. ಉಳಿದ 6,500ರಲ್ಲಿ ಎನ್‌ಸಿಬಿ ಹೋಗಿ 4,225. ಥರ್ಡ್ ಪಾರ್ಟಿ, ಜಿಎಸ್‌ಟಿ ಎಲ್ಲ ಸೇರಿ 9,016. ನಿಜವಾಗಿ ಉಳಿದದ್ದು 1,151 ರೂಪಾಯಿ.

5,000ವನ್ನು 1,151ರಿಂದ ಭಾಗಿಸಿ. ನಾಲ್ಕು ವರ್ಷ ನಾಲ್ಕು ತಿಂಗಳು. ಅಷ್ಟು ಕಾಲ ಒಂದೂ ಕ್ಲೇಮ್ ಇಲ್ಲದಿದ್ದರೆ ಮಾತ್ರ ನೀವು ಗೆದ್ದಂತೆ. 15,000ದ್ದು ಇನ್ನೂ ಕೆಟ್ಟದ್ದು. ವರ್ಷಕ್ಕೆ 1,918 ಉಳಿಯುತ್ತದೆ, ಲೆಕ್ಕ ಸರಿಹೋಗಲು ಸುಮಾರು ಎಂಟು ವರ್ಷ ಬೇಕು. ಎಂಟು ವರ್ಷ ಒಂದೇ ಕಾರು ಇಟ್ಟುಕೊಳ್ಳುವವರೇ ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ: ದಿನಾ ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಓಡಿಸುವವರು, ಹೊಸದಾಗಿ ಕಲಿತವರು, ಕಾರು ರಸ್ತೆಯಲ್ಲೇ ನಿಲ್ಲಿಸುವವರು ವಾಲಂಟರಿ ಸೊನ್ನೆ ಇಡಿ. ಗಾಡಿ ವಾರಕ್ಕೊಂದು ಸಲ ತೆಗೆಯುತ್ತೀರಿ, ಸೊಸೈಟಿ ಒಳಗೆ ಮುಚ್ಚಿದ ಪಾರ್ಕಿಂಗ್ ಇದೆ, ಐದು ವರ್ಷದಿಂದ ಕ್ಲೇಮ್ ಮಾಡಿಲ್ಲ ಅಂದರೆ 2,500 ಅಥವಾ 5,000 ಯೋಚಿಸಬಹುದು. ಆ ಹಣ ಬ್ಯಾಂಕಿನಲ್ಲಿ ಎತ್ತಿಟ್ಟಿರಬೇಕು ಅಷ್ಟೇ.

ಇನ್ನೊಂದು ವಿಷಯ. ಡಿಡಕ್ಟಿಬಲ್ ಪ್ರತಿ ಘಟನೆಗೆ ಬೇರೆ. ಹಿಂದಿನ ಬಾಗಿಲ ಗೀರು ಮಾರ್ಚ್‌ನದ್ದು, ಮುಂದಿನ ಬಂಪರ್ ಜೂನ್‌ನದ್ದು ಅಂದರೆ ಅವು ಎರಡು ಕ್ಲೇಮ್. "ಎಲ್ಲ ಒಂದರಲ್ಲೇ ಸೇರಿಸಿಬಿಡೋಣ" ಅಂತ ಗ್ಯಾರೇಜಿನವರು ಹೇಳಿದರೆ ಒಪ್ಪಬೇಡಿ. ಪೆಟ್ಟು ಎಲ್ಲಿಂದ ಬಿದ್ದಿದೆ ಅಂತ ಹಾನಿ ಅಳೆಯಲು ಬರುವ ಸರ್ವೇಯರ್‌ಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸುಳ್ಳು ಹೇಳಿಕೆ ಅಂತಾದರೆ ಇಡೀ ಕ್ಲೇಮ್ ಹೋಗುತ್ತದೆ.

## ಹಂತ 6: ಎನ್‌ಸಿಬಿ ಹೋದರೆ ಎಷ್ಟು ನಷ್ಟ ಅಂತ ಬರೆದಿಡಿ

ಎನ್‌ಸಿಬಿ ಓಡಿ ಮೇಲೆ ಮಾತ್ರ ಸಿಗುತ್ತದೆ. ಕ್ಲೇಮ್ ಇಲ್ಲದ ವರ್ಷಕ್ಕೆ ಶೇ. 20, 25, 35, 45, 50 ಅಂತ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಸೊನ್ನೆ.

ಮೇಲಿನ ಕಾರನ್ನೇ ತಗೊಳ್ಳಿ. ಓಡಿ 8,000ವೇ ಇದ್ದರೆ, ಕ್ಲೇಮ್ ಮಾಡದಿದ್ದವರು ಮುಂದಿನ ವರ್ಷ ಶೇ. 45 ಕಳೆದು ಕಟ್ಟುತ್ತಾರೆ, ಮಾಡಿದವರು ಪೂರ್ತಿ ಕಟ್ಟುತ್ತಾರೆ. ವ್ಯತ್ಯಾಸ ಜಿಎಸ್‌ಟಿ ಸೇರಿ 4,248. ಅದರ ಮರುವರ್ಷ (ಶೇ. 50 ಎದುರು ಶೇ. 20) 2,832, ಆಮೇಲೆ (ಶೇ. 50 ಎದುರು ಶೇ. 25) 2,360. ಮೂರು ವರ್ಷಕ್ಕೇ 9,440 ಆಯಿತು. ಐಡಿವಿ ಇಳಿದಂತೆ ಓಡಿ ಸ್ವಲ್ಪ ಇಳಿಯುತ್ತದೆ, ಆದರೂ ಅಂದಾಜು ಇದೇ.

ಹಾಗಾಗಿ ಏಳೆಂಟು ಸಾವಿರದ ಬಿಲ್‌ಗೆ ಕ್ಲೇಮ್ ಮಾಡಬೇಡಿ. ಗ್ಯಾರೇಜಿನಲ್ಲಿ ಎಸ್ಟಿಮೇಟ್ ತಗೊಂಡು, ನಿಮ್ಮ ಕೈಯಿಂದ ಹೋಗುವ ಪಾಲು ಕಳೆದು, ಕಂಪನಿ ಕೊಡುವ ಮೊತ್ತ ಎನ್‌ಸಿಬಿ ನಷ್ಟಕ್ಕಿಂತ ಜಾಸ್ತಿ ಇದೆಯಾ ನೋಡಿ. ನನ್ನ ವಿಷಯದಲ್ಲಿ ಕಂಪನಿ ಕೊಟ್ಟದ್ದು 16,500. ಅದರಲ್ಲಿ ಒಂಬತ್ತು ಸಾವಿರಕ್ಕೂ ಜಾಸ್ತಿ ಎನ್‌ಸಿಬಿ ಲೆಕ್ಕದಲ್ಲಿ ವಾಪಸ್ ಹೋಯಿತು.

ಎನ್‌ಸಿಬಿ ಕಾರಿನದ್ದಲ್ಲ, ಮಾಲೀಕರದ್ದು. ಕಂಪನಿ ಬದಲಿಸಿದರೂ ನಿಮ್ಮ ಜೊತೆ ಬರುತ್ತದೆ. ಕಾರು ಮಾರಿ ಹೊಸದು ತಗೊಂಡರೂ ಬರುತ್ತದೆ, ಅದಕ್ಕೆ ಹಳೆ ಕಂಪನಿಯಿಂದ ಪತ್ರ ತಗೊಳ್ಳಬೇಕು. ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಹೋಯಿತು. ಕ್ಲೇಮ್ ಮಾಡಿದ್ದರೂ ಏಜೆಂಟ್ "ಇಲ್ಲ ಅಂತ ಹಾಕೋಣ, ಪ್ರೀಮಿಯಂ ಕಮ್ಮಿ ಆಗುತ್ತೆ" ಅಂದರೆ ಖಡಾಖಂಡಿತ ಬೇಡ ಅನ್ನಿ. ಹೊಸ ಕಂಪನಿ ಹಳೆಯದರ ಹತ್ತಿರ ಕೇಳಿ ತಿಳಿದುಕೊಳ್ಳುತ್ತದೆ, ಮುಂದೆ ದೊಡ್ಡ ಕ್ಲೇಮ್ ಬಂದ ದಿನ ಅದನ್ನೇ ಹಿಡಿದು ನಿಲ್ಲಿಸುತ್ತಾರೆ.

## ಹಂತ 7: ಉಳಿದ ಎರಡು ಮೂರು ಕಂಪನಿಗಳನ್ನು ಪರೀಕ್ಷಿಸಿ

ಇಷ್ಟು ಹೊತ್ತಿಗೆ ಕೋಟ್‌ಗಳು ನಿಜವಾಗಿ ಹೋಲಿಸುವಂತಾಗಿವೆ. ಈಗ ಮೊದಲು ನಿಮ್ಮ ಗ್ಯಾರೇಜಿಗೆ ಹೋಗಿ. ನೀವು ಯಾವತ್ತೂ ಗಾಡಿ ಬಿಡುವ ಕಡೆ ಸರ್ವಿಸ್ ಅಡ್ವೈಸರ್‌ಗೆ ಕೇಳಿ: "ಈ ಕಂಪನಿಯ ಕ್ಯಾಶ್‌ಲೆಸ್, ಅಂದರೆ ಬಿಲ್ ನೇರವಾಗಿ ಕಂಪನಿಯೇ ಕೊಡೋದು, ಇಲ್ಲಿ ನಡೆಯುತ್ತಾ? ಅಪ್ರೂವಲ್ ಎಷ್ಟು ದಿನಕ್ಕೆ ಬರುತ್ತೆ?" ಅವರು ದಿನಾ ಫೈಲ್ ಹಾಕುವವರು, ನೇರವಾಗಿ ಹೇಳುತ್ತಾರೆ. ಎರಡು ಗ್ಯಾರೇಜಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯಲ್ಲೂ ಅವರ ಕ್ಯಾಶ್‌ಲೆಸ್ ಗ್ಯಾರೇಜ್ ಇದೆಯಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ. ನಾವು ಹಬ್ಬಕ್ಕೆ ಹೋಗುವ ದಾರಿ ಅದು.

ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಪಬ್ಲಿಕ್ ಡಿಸ್ಕ್ಲೋಷರ್ ಅಂತ ಅಂಕಿಅಂಶ ಹಾಕಬೇಕು. ಎಷ್ಟು ಕ್ಲೇಮ್ ಬಂತು, ಎಷ್ಟು ತಿರಸ್ಕರಿಸಿದರು, ಎಷ್ಟು ದೂರು ಬಂತು ಅನ್ನುವುದು ಅಲ್ಲಿ ಸಿಗುತ್ತದೆ. ಶೇ. 98, 99 ಕ್ಲೇಮ್ ಕೊಟ್ಟಿದ್ದೇವೆ ಅನ್ನುವ ಜಾಹೀರಾತಿಗಿಂತ ಇದನ್ನು ನೋಡುವುದು ವಾಸಿ.

ನನ್ನ ನಿಯಮ: ವ್ಯತ್ಯಾಸ ಐನೂರು ಆರುನೂರು ರೂಪಾಯಿಯದ್ದಾದರೆ ಗ್ಯಾರೇಜಿನವರು ಒಳ್ಳೆಯದು ಅಂದ ಕಂಪನಿಯನ್ನೇ ಆರಿಸುತ್ತೇನೆ.

## ಹಂತ 8: ಹಣ ಕಟ್ಟುವಾಗ ಮತ್ತು ಕಟ್ಟಿದ ಮೇಲೆ

ಹಣ ಕಂಪನಿಯ ಹೆಸರಿಗೇ ಹೋಗಬೇಕು. ಏಜೆಂಟ್‌ನ ಸ್ವಂತ ಯುಪಿಐಗೆ ಕಳಿಸಬೇಡಿ. ಪಿಡಿಎಫ್ ಬಂದ ದಿನವೇ ತೆರೆದು ನೋಡಿ: ಹೆಸರು, ನಂಬರ್, ಎಂಜಿನ್ ನಂಬರ್, ಚಾಸಿಸ್ ನಂಬರ್, ಐಡಿವಿ, ಎನ್‌ಸಿಬಿ, ವಾಲಂಟರಿ ಡಿಡಕ್ಟಿಬಲ್ ಮುಂದೆ ಏನಿದೆ, ಝೀರೋ ಡೆಪ್ ಹೆಸರು ನಿಜವಾಗಿ ಇದೆಯಾ. ತಪ್ಪಿದ್ದರೆ ಅಂದೇ ಮೇಲ್ ಹಾಕಿ. ಕೆಲವು ದಿನ ಬಿಟ್ಟು ಸರಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ಪಾಲಿಸಿ ಕಾಣುತ್ತಾ ನೋಡಿ.

ಒಂದು ದಿನವೂ ಖಾಲಿ ಬಿಡಬೇಡಿ. ಹಳೆ ಪಾಲಿಸಿ ಮಧ್ಯರಾತ್ರಿ ಮುಗಿದರೆ ಬೆಳಿಗ್ಗೆ ನಿಮಗೆ ರಕ್ಷಣೆ ಇಲ್ಲ. ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊಸದಾಗಿ ತಗೊಳ್ಳಲು ಕಾರಿನ ತಪಾಸಣೆಯೂ ಬೇರೆ.

ಮುಂದೆ ಕ್ಲೇಮ್‌ನಲ್ಲಿ ಪಾಲಿಸಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಕಡಿತ ಮಾಡಿದರೆ, ಸರ್ವೇಯರ್ ವರದಿಯ ಪ್ರತಿ ಕೇಳಿ ತಗೊಳ್ಳಿ. ಯಾವ ಸಾಲಿನಲ್ಲಿ ಎಷ್ಟು ಕಡಿದಿದ್ದಾರೆ ಅಂತ ಬರೆದು ಮೊದಲು ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಮೇಲ್ ಹಾಕಿ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಪುಣೆಯಲ್ಲೇ ನಾರಾಯಣ ಪೇಠೆಯಲ್ಲಿ ಅವರ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಡ. ಕಂಪನಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಜೊತೆಗೆ ಪಾಲಿಸಿ, ಗ್ಯಾರೇಜ್ ಬಿಲ್, ಸರ್ವೇಯರ್ ವರದಿ ಮತ್ತು ನೀವು ಕಳಿಸಿದ ಮೇಲ್‌ಗಳ ಪ್ರಿಂಟ್ ಇಡಿ.